ಅಳಿಸತಕ್ಕ ಪಟ್ಟಣ: ಒಂದು ಲ್ಯಾಟಿನ್ ಕೃದಂತದ ವಿಚಾರ

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಸಂಘದವರು ಒಂದು ಸಭೆ ಕರೆದಿದ್ದರು. ಕಾರ್ಯದರ್ಶಿಗಳು ಎದ್ದು ನಿಂತು, ಕನ್ನಡಕ ಸರಿಪಡಿಸಿಕೊಂಡು, “ಈ ಹೊತ್ತಿನ ಅಜೆಂಡಾದಲ್ಲಿ ಮೂರು ವಿಷಯಗಳಿವೆ” ಎಂದರು. ಮೊದಲೆರಡು ನೆನಪಿಲ್ಲ. ಮೂರನೆಯದು ಬೀದಿಯ ಕೊನೆಯ ಮೋರಿ. “ಸದರಿ ಮೋರಿಯನ್ನು ಕೂಡಲೇ ದುರಸ್ತಿ ಮಾಡಿಸತಕ್ಕದ್ದು” ಎಂಬ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಕಾಫಿ ಕುಡಿದು ಎಲ್ಲರೂ ಮನೆಗೆ ಹೋದೆವು. ಮರುವರ್ಷದ ಸಭೆಯಲ್ಲಿ ಅದೇ ಮೋರಿ, ಅದೇ ನಿರ್ಣಯ, ಮಾತು ಕೂಡ ಒಂದಿಷ್ಟೂ ಬದಲಾಗಿರಲಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧ ಸಂಸ್ಕೃತ ಪಂಡಿತರೊಬ್ಬರು ನನ್ನ ಕಿವಿಯ ಹತ್ತಿರ ಬಾಗಿ, “ಸ್ವಾಮೀ, ತಪ್ಪು ಮೋರಿಯದಲ್ಲ, ವ್ಯಾಕರಣದ್ದು. ಕರ್ಮ ಇದೆ, ಕ್ರಿಯೆ ಇದೆ. ಕರ್ತೃ ಎಲ್ಲಿ?” ಎಂದರು.

ಪಂಡಿತರು ತಮಾಷೆಗೆ ಆಡಿದ ಮಾತು. ಆದರೆ ಮನೆಗೆ ಬಂದು ಯೋಚಿಸಿದಂತೆಲ್ಲ ಅದರಲ್ಲಿ ಹುರುಳು ಕಾಣಿಸಿತು. ಕಾರ್ಯದರ್ಶಿಗಳು ಓದಿದ ‘ಅಜೆಂಡಾ’ ಲ್ಯಾಟಿನ್ ಭಾಷೆಯ ಒಂದು ಕೃದಂತ. ‘ಮಾಡತಕ್ಕವುಗಳು’ ಎಂದು ಅದರ ಅರ್ಥ. ಅವರು ಮಂಡಿಸಿದ ನಿರ್ಣಯದ ‘ಮಾಡಿಸತಕ್ಕದ್ದು’ ಎಂಬುದೂ ಅದೇ ಜಾತಿಯ ಮಾತು. ಈ ಜಾತಿಯ ಪದ ಒಂದು ಕೆಲಸ ಆಗಬೇಕೆಂದು ಗಟ್ಟಿಯಾಗಿ ಹೇಳುತ್ತದೆ, ಯಾರು ಮಾಡಬೇಕೆಂಬುದನ್ನು ನುಂಗಿಕೊಳ್ಳುತ್ತದೆ. ಮೋರಿಯ ಮಟ್ಟಿಗೆ ಇದು ನಗೆಯ ಸಂಗತಿ. ಎರಡು ಸಾವಿರ ವರ್ಷಗಳ ಹಿಂದೆ ಇದೇ ರೂಪದ ಒಂದು ಪದವನ್ನು ಸಭೆಯಲ್ಲಿ ಮತ್ತೆ ಮತ್ತೆ ಉಚ್ಚರಿಸಿ, ಕೊನೆಗೆ ಒಂದು ದೊಡ್ಡ ಪಟ್ಟಣವನ್ನೇ ನೆಲಸಮ ಮಾಡಿದರು. ಆ ಪದದ ಅರ್ಥವೇನು, ಅದು ವಿಭಕ್ತಿಗಳಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ. ಲ್ಯಾಟಿನ್ ಬಾರದವರೂ ಹೆದರಬೇಕಾಗಿಲ್ಲ. ಅರ್ಧ ಲ್ಯಾಟಿನ್ ನಮಗೆ ಗೊತ್ತಿಲ್ಲದಂತೆಯೇ ನಮ್ಮ ಮನೆಯಲ್ಲಿ ಓಡಾಡುತ್ತಿದೆ.

‘ಅಗೆರೆ’ ಎಂದರೆ ಲ್ಯಾಟಿನ್ನಿನಲ್ಲಿ ‘ನಡೆಸುವುದು, ಮಾಡುವುದು’. ಈ ಧಾತುವಿನಿಂದ ಹುಟ್ಟುವ ಕೃದಂತಗಳು ನಾಲ್ಕು. ‘ಅಗೇನ್ಸ್’ ಎಂದರೆ ಮಾಡುತ್ತಿರುವವನು. ಪ್ರತ್ಯಯ ಸೇರುವಾಗ ಇದು ‘ಅಗೆಂತ್’ ಎಂದಾಗುತ್ತದೆ. ನಮ್ಮ ಮನೆಗೆ ವಿಮೆಯ ಕಾಗದ ಹಿಡಿದು ಬರುವ ‘ಏಜೆಂಟ್’ ಇವನೇ. ‘ಆಕ್ತುಮ್’ ಎಂದರೆ ಮಾಡಲ್ಪಟ್ಟದ್ದು. ಶಾಸನಸಭೆಯಲ್ಲಿ ಪಾಸಾಗುವ ‘ಆಕ್ಟ್’ ಇದರ ಸಂತತಿ. ‘ಆಕ್ತೂರುಸ್’ ಎಂದರೆ ಇನ್ನು ಮುಂದೆ ಮಾಡಲಿರುವವನು. ಇದೇ ‘ಊರುಸ್’ ಪ್ರತ್ಯಯ ‘ಇರುವುದು’ ಎಂಬ ಕ್ರಿಯಾಪದಕ್ಕೆ ಸೇರಿ ‘ಫುತೂರುಸ್’, ಆಗಲಿರುವುದು, ಅಂದರೆ ‘ಫ್ಯೂಚರ್’ ಎಂಬ ಮಾತು ಹುಟ್ಟಿತು. ನಾಲ್ಕನೆಯದು ‘ಅಗೆಂದುಸ್’, ಮಾಡತಕ್ಕದ್ದು. ಅದರ ನಪುಂಸಕ ಬಹುವಚನ ‘ಅಗೆಂದ’. ಹೀಗೆ ಏಜೆಂಟ್, ಆಕ್ಟ್, ಅಜೆಂಡಾ ಮೂರೂ ಒಂದೇ ತಾಯಿಯ ಮಕ್ಕಳು: ಮಾಡುವವನು, ಮಾಡಿದ್ದು, ಮಾಡತಕ್ಕವು. ನಮ್ಮ ಬೀದಿಯ ಸಭೆಯ ಅವಸ್ಥೆಯನ್ನು ಲ್ಯಾಟಿನ್ನಿನಲ್ಲಿ ಹೇಳುವುದಾದರೆ ಅಜೆಂಡಾ ಇತ್ತು, ಏಜೆಂಟ್ ಇರಲಿಲ್ಲ. ಆದ್ದರಿಂದ ಆಕ್ಟ್ ಆಗಲಿಲ್ಲ.

ಈ ನಾಲ್ಕನೆಯ ಕೃದಂತಕ್ಕೆ ಇಂಗ್ಲಿಷ್ ವೈಯಾಕರಣರು ‘ಜೆರಂಡಿವ್’ ಎನ್ನುತ್ತಾರೆ. ಕೆಲವು ಪುಸ್ತಕಗಳಲ್ಲಿ ‘ಭವಿಷ್ಯತ್ ಕರ್ಮಣಿ ಕೃದಂತ’ ಎಂಬ ಉದ್ದನೆಯ ಹೆಸರೂ ಉಂಟು. ‘ಗೆರುಂದುಮ್’ ಎಂದರೆ ‘ನಿರ್ವಹಿಸತಕ್ಕದ್ದು’. ಅದರಿಂದಲೇ ಈ ಹೆಸರು ಬಂತು. ಅಂದರೆ ಈ ರೂಪದ ಹೆಸರೇ ಈ ರೂಪಕ್ಕೆ ಉದಾಹರಣೆ. ಇದರಲ್ಲೊಂದು ಸ್ವಾರಸ್ಯವಿದೆ. ನಮ್ಮ ಪಾಣಿನಿಯೂ ಇದೇ ಅರ್ಥ ಕೊಡುವ ತವ್ಯ, ಅನೀಯ, ಯ ಮೊದಲಾದ ಪ್ರತ್ಯಯಗಳಿಗೆ ‘ಕೃತ್ಯ’ ಎಂದು ಹೆಸರಿಟ್ಟ. ‘ಕೃತ್ಯ’ ಎಂದರೆ ‘ಮಾಡತಕ್ಕದ್ದು’, ಅಂದರೆ ಅದೂ ತನಗೆ ತಾನೇ ಉದಾಹರಣೆ. ರೋಮಿನವರೂ ನಮ್ಮವರೂ ಒಬ್ಬರನ್ನೊಬ್ಬರು ನೋಡಿ ಇಟ್ಟ ಹೆಸರುಗಳಲ್ಲ. ಲ್ಯಾಟಿನ್ನಿನ ‘ಂದ್’ ಪ್ರತ್ಯಯವೂ ನಮ್ಮ ‘ತವ್ಯ’ವೂ ಹುಟ್ಟಿನಿಂದ ಅಣ್ಣತಮ್ಮಂದಿರಲ್ಲ. ಅವು ಮಾಡುವ ಕೆಲಸ ಮಾತ್ರ ಒಂದೇ.

ಸಂಸ್ಕೃತದ ಈ ಕೃತ್ಯರೂಪಗಳು ಕನ್ನಡದಲ್ಲಿ ಎಷ್ಟು ತುಂಬಿಕೊಂಡಿವೆ ಎಂಬುದು ಹುಡುಕಹೊರಟ ಮೇಲೆ ತಿಳಿಯುತ್ತದೆ. ಮದುವೆ ಮನೆಯ ಎಲೆಯ ಮುಂದೆ ಕುಳಿತುಕೊಳ್ಳಿ: ಭಕ್ಷ್ಯ, ಭೋಜ್ಯ, ಲೇಹ್ಯ, ಚೋಷ್ಯ. ಕಡಿದು ತಿನ್ನತಕ್ಕದ್ದು, ಉಣ್ಣತಕ್ಕದ್ದು, ನೆಕ್ಕತಕ್ಕದ್ದು, ಹೀರತಕ್ಕದ್ದು. ಬಾಯಾರಿದರೆ ಪಾನೀಯ, ಕುಡಿಯತಕ್ಕದ್ದು. ಕಾಗದ ಬರೆಯಲು ಕುಳಿತರೆ ಮೊದಲ ಪದವೇ ‘ಮಾನ್ಯರೇ’, ಅಂದರೆ ಗೌರವಿಸತಕ್ಕವರೇ, ತಂದೆತಾಯಿಗಳಿಗಾದರೆ ‘ಪೂಜ್ಯ’. ಶಾಲೆಗೆ ಹೋದರೆ ಕಲಿಸತಕ್ಕವನು ಶಿಷ್ಯ. ರೇಡಿಯೋ ತಿರುಗಿಸಿದರೆ ಅದರಿಂದ ಬರುವುದು ಶ್ರವ್ಯ. ಕೈಹಿಡಿದ ಹೆಂಡತಿ ‘ಭಾರ್ಯೆ’, ಅಂದರೆ ಭರಿಸತಕ್ಕವಳು, ಪೋಷಿಸತಕ್ಕವಳು. ಯಾರು ಭರಿಸಬೇಕು ಎಂಬುದನ್ನು ಪದ ಹೇಳುವುದಿಲ್ಲ. ನಮ್ಮ ಮನೆಯಲ್ಲಂತೂ ಯಾರು ಯಾರನ್ನು ಭರಿಸಿಕೊಂಡು ಬಂದಿದ್ದಾರೆ ಎಂಬ ಪ್ರಶ್ನೆ ಎದ್ದರೆ ನಾನು ವ್ಯಾಕರಣವನ್ನು ಬದಿಗಿಟ್ಟು ಸುಮ್ಮನಾಗುತ್ತೇನೆ.

ಗಣಿತದಲ್ಲಿ ಲ್ಯಾಟಿನ್ನಿಗೂ ನಮಗೂ ಹೊಂದಿಕೆ ಇನ್ನೂ ಹತ್ತಿರದ್ದು. ಭಾಗಾಕಾರದ ಲೆಕ್ಕದಲ್ಲಿ ಯಾವ ಸಂಖ್ಯೆಯನ್ನು ಭಾಗಿಸಬೇಕೋ ಅದಕ್ಕೆ ಇಂಗ್ಲಿಷಿನಲ್ಲಿ ‘ಡಿವಿಡೆಂಡ್’ ಎಂದು ಹೆಸರು. ಲ್ಯಾಟಿನ್ನಿನ ‘ದೀವಿದೆಂದುಮ್’, ಭಾಗಿಸತಕ್ಕದ್ದು. ಷೇರುದಾರರು ಕಾದು ಕುಳಿತಿರುವ ಡಿವಿಡೆಂಡೂ ಇದೇ: ಹಂಚತಕ್ಕ ಲಾಭ. ನಾವು ಆ ಸಂಖ್ಯೆಗೆ ‘ಭಾಜ್ಯ’ ಎನ್ನುತ್ತೇವೆ, ಅದೂ ಭಾಗಿಸತಕ್ಕದ್ದೇ. ಗುಣಿಸತಕ್ಕದ್ದು ಗುಣ್ಯ. ರೇಖಾಗಣಿತದ ಪ್ರಮೇಯದಲ್ಲಿ ‘ದತ್ತ’ ಎಂದು ಒಂದು ಸಾಲು, ‘ಸಾಧನೀಯ’ ಎಂದು ಇನ್ನೊಂದು ಸಾಲು ಬರೆಯುತ್ತಿದ್ದುದು ಹಳಬರಿಗೆ ನೆನಪಿರಬಹುದು. ಯುರೋಪಿನ ಹುಡುಗರು ಪ್ರಮೇಯದ ಕೊನೆಯಲ್ಲಿ ಬರೆಯುವ ಮೂರಕ್ಷರಗಳಲ್ಲಿ ಕೊನೆಯದು ‘ದೇಮೋನ್‌ಸ್ತ್ರಂದುಮ್’, ಸಾಧಿಸಿ ತೋರಿಸತಕ್ಕದ್ದು. ನಮ್ಮ ಸಾಧನೀಯಕ್ಕೆ ಸರಿಜೋಡಿ. ‘ದತ್ತ’ಕ್ಕೆ ಅವರಲ್ಲಿ ‘ದಾತುಮ್’ ಅಲ್ಲ, ಹ್ರಸ್ವವಾಗಿ ‘ದತುಮ್’, ಬಹುವಚನದಲ್ಲಿ ‘ದತ’. ಇಂದು ಎಲ್ಲರ ಬಾಯಲ್ಲೂ ಇರುವ ‘ಡೇಟಾ’ ಅದೇ. ದತ್ತ, ದತ ಇವೆರಡರ ಧಾತು ಮಾತ್ರ ನಿಜವಾಗಿಯೂ ಒಂದೇ ಮೂಲದಿಂದ ಬಂದದ್ದು.

‘ಅಜೆಂಡಾ’ ಪದವನ್ನು ಕನ್ನಡಿಸಿದವರು ‘ಕಾರ್ಯಸೂಚಿ’ ಎಂದರು. ಪ್ರತ್ಯಯದ ಲೆಕ್ಕ ಹಾಕಿ ಅವರು ಈ ಪದ ಕಟ್ಟಿದರೋ ಅಥವಾ ಬಳಕೆಯ ಮಾತನ್ನೇ ಎತ್ತಿಕೊಂಡರೋ, ಗುರಿಯಂತೂ ತಪ್ಪಲಿಲ್ಲ. ‘ಕಾರ್ಯ’ ಎಂದರೆ ಮಾಡತಕ್ಕದ್ದು. ಲ್ಯಾಟಿನ್ ಕೃತ್ಯಕ್ಕೆ ಸಂಸ್ಕೃತದ ಕೃತ್ಯವೇ ಉತ್ತರವಾಗಿ ನಿಂತಿದೆ. ‘ಕಾರ್ಯದರ್ಶಿ’ಯಲ್ಲಿಯೂ ಅದೇ ಕಾರ್ಯ ಇದೆ: ಮಾಡತಕ್ಕದ್ದನ್ನು ನೋಡುವವನು. ನೋಡುವವನು ಎಂದಿದೆಯೇ ಹೊರತು ಮಾಡುವವನು ಎಂದಿಲ್ಲ. ಆದ್ದರಿಂದ ನಮ್ಮ ಸಂಘದ ಕಾರ್ಯದರ್ಶಿಗಳನ್ನು ವ್ಯಾಕರಣದ ಆಧಾರದ ಮೇಲೆ ದೂರುವಂತಿಲ್ಲ.

ಇನ್ನು ಆ ಪಟ್ಟಣದ ಮಾತಿಗೆ ಬರೋಣ.

ಆಫ್ರಿಕದ ಉತ್ತರ ತೀರದಲ್ಲಿ, ಈಗಿನ ಟ್ಯುನಿಸ್ ನಗರದ ಪಕ್ಕದಲ್ಲಿ, ಕಾರ್ಥೇಜ್ ಎಂಬ ಪಟ್ಟಣವಿತ್ತು. ಕಡಲ ವ್ಯಾಪಾರದಿಂದ ಬೆಳೆದ ಸಿರಿವಂತ ಪಟ್ಟಣ. ರೋಮಿಗೂ ಅದಕ್ಕೂ ಎರಡು ದೊಡ್ಡ ಯುದ್ಧಗಳು ನಡೆದುವು: ಕ್ರಿ.ಪೂ. 264ರಿಂದ 241ರವರೆಗೆ ಒಂದು, 218ರಿಂದ 201ರವರೆಗೆ ಇನ್ನೊಂದು. ಎರಡನೆಯದರಲ್ಲಿ ಕಾರ್ಥೇಜಿನ ಹ್ಯಾನಿಬಾಲ್ ಆಲ್ಪ್ಸ್ ಪರ್ವತವನ್ನು ದಾಟಿ ಬಂದು ಇಟಲಿಯನ್ನು ನಡುಗಿಸಿದ್ದ. ಕೊನೆಗೆ ಗೆದ್ದವರು ರೋಮನರು. ಸೋತ ಪಟ್ಟಣ ತನ್ನ ನೌಕಾಬಲವನ್ನು ಒಪ್ಪಿಸಿತು. 10,000 ಟ್ಯಾಲೆಂಟ್ ಬೆಳ್ಳಿಯನ್ನು 50 ವರ್ಷಗಳ ಕಂತಿನಲ್ಲಿ ಕೊಡಲು ಒಪ್ಪಿತು. ರೋಮಿನ ಅಪ್ಪಣೆಯಿಲ್ಲದೆ ಯುದ್ಧ ಮಾಡುವುದಿಲ್ಲವೆಂದು ಬರೆದುಕೊಟ್ಟಿತು. ಆಮೇಲೆ ಮತ್ತೆ ವ್ಯಾಪಾರ ಹಿಡಿದು ಚೇತರಿಸಿಕೊಂಡಿತು.

ಆ ಚೇತರಿಕೆಯನ್ನು ಕಣ್ಣಾರೆ ಕಂಡು ಬಂದವನು ಮಾರ್ಕಸ್ ಕೇಟೋ. ಹ್ಯಾನಿಬಾಲನ ಕಾಲದಲ್ಲಿ ಸೈನಿಕನಾಗಿ ಕಾದಿದ್ದವನು, ಕಟ್ಟುನಿಟ್ಟಿನ ಮನುಷ್ಯ. ಎಂಬತ್ತು ದಾಟಿದ ವಯಸ್ಸಿನಲ್ಲಿ ರಾಯಭಾರದ ಮೇಲೆ ಕಾರ್ಥೇಜಿಗೆ ಹೋಗಿ ಬಂದ. ಪಟ್ಟಣದ ತುಂಬ ಜನ, ಕೈತುಂಬ ಹಣ. ಹಿಂತಿರುಗಿ ಬಂದು ಸೆನೇಟಿನಲ್ಲಿ ತನ್ನ ಮೇಲುವಸ್ತ್ರವನ್ನು ಕೊಡವಿದಾಗ ಅದರ ಮಡಿಕೆಯಿಂದ ಅಂಜೂರದ ಹಣ್ಣುಗಳು ಉದುರಿದುವಂತೆ. ಸಭಿಕರು ಹಣ್ಣಿನ ದಪ್ಪವನ್ನೂ ಚೆಲುವನ್ನೂ ಮೆಚ್ಚಿಕೊಂಡರು. ‘ಇದು ಬೆಳೆಯುವ ನೆಲ ಇಲ್ಲಿಂದ ಮೂರು ದಿನದ ಕಡಲ ಪಯಣ’ ಎಂದನಂತೆ ಮುದುಕ. ಪ್ಲೂಟಾರ್ಕ್ ಹೇಳುವ ಕಥೆ ಇದು. ಅಂದಿನಿಂದ ಸಭೆಯಲ್ಲಿ ಯಾವ ವಿಷಯ ಬಂದರೂ ಸರಿ, ಕೇಟೋ ತನ್ನ ಅಭಿಪ್ರಾಯ ಹೇಳಿ, ಕೊನೆಗೆ ಕಾರ್ಥೇಜನ್ನು ಅಳಿಸತಕ್ಕದ್ದು ಎಂದು ಸೇರಿಸಿಯೇ ಕುಳಿತುಕೊಳ್ಳುತ್ತಿದ್ದನಂತೆ.

ಇಂದು ಎಲ್ಲರೂ ಉದಾಹರಿಸುವ ರೂಪ ‘ಕರ್ಥಾಗೋ ದೇಲೆಂದ ಎಸ್ತ್’. ಮೂರೇ ಪದ. ಕರ್ಥಾಗೋ ಎಂದರೆ ಕಾರ್ಥೇಜ್. ಎಸ್ತ್ ಎಂದರೆ ‘ಇದೆ’, ನಮ್ಮ ಸಂಸ್ಕೃತದ ‘ಅಸ್ತಿ’ಯ ಹತ್ತಿರದ ನಂಟ. ನಡುವಿನ ‘ದೇಲೆಂದ’ವೇ ನಮ್ಮ ಕೃದಂತ. ‘ದೇಲೇರೆ’ ಎಂದರೆ ಬರೆದದ್ದನ್ನು ಒರಸಿಹಾಕುವುದು, ಗುರುತಿಲ್ಲದಂತೆ ಮಾಡುವುದು. ಅದರ ಭೂತ ಕೃದಂತ ‘ದೇಲೇತುಮ್’, ಅಳಿಸಲ್ಪಟ್ಟದ್ದು. ಈ ಹೊತ್ತು ಮಕ್ಕಳು ಕೂಡ ಮೊಬೈಲಿನ ಮೇಲೆ ಒತ್ತುವ ‘ಡಿಲೀಟ್’ ಅದರಿಂದ ಬಂದದ್ದು. ದೇಲೆಂದ ಇನ್ನೂ ಅಳಿಸಿಲ್ಲದ್ದು, ಆದರೆ ಅಳಿಸತಕ್ಕದ್ದು.

ಕೊನೆಯ ಅಕಾರ ಎಲ್ಲಿಂದ ಬಂತು? ಕನ್ನಡದ ವಿಶೇಷಣಕ್ಕೆ ಲಿಂಗವೂ ಇಲ್ಲ, ವಿಭಕ್ತಿಯೂ ಇಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿಗೆ, ಒಳ್ಳೆಯ ಮರಗಳಲ್ಲಿ. ‘ಒಳ್ಳೆಯ’ ಎಂಬುದು ಕಲ್ಲಿನ ಹಾಗೆ ಕುಳಿತಿರುತ್ತದೆ. ಸಂಸ್ಕೃತದಲ್ಲಿ ಹಾಗಲ್ಲ. ಪೂಜನೀಯಃ ಗುರುಃ, ಪೂಜನೀಯಾ ಮಾತಾ, ಪೂಜನೀಯಂ ಪುಸ್ತಕಮ್. ಲ್ಯಾಟಿನ್ ಸಂಸ್ಕೃತದ ಪಕ್ಷ. ಪುಲ್ಲಿಂಗವಾದರೆ ದೇಲೆಂದುಸ್, ಸ್ತ್ರೀಲಿಂಗವಾದರೆ ದೇಲೆಂದ, ನಪುಂಸಕವಾದರೆ ದೇಲೆಂದುಮ್. ಕರ್ಥಾಗೋ ಲ್ಯಾಟಿನ್ನಿನಲ್ಲಿ ಸ್ತ್ರೀಲಿಂಗ, ಆದ್ದರಿಂದ ದೇಲೆಂದ. ಎರಡು ಪದಗಳ ಕೊನೆ ಒಂದರಂತೆ ಇನ್ನೊಂದು ಕೇಳಿಸುವುದಿಲ್ಲ, ಒಂದು ಓಕಾರ, ಒಂದು ಅಕಾರ. ಆದರೂ ಲಿಂಗ ವಚನ ವಿಭಕ್ತಿ ಮೂರರಲ್ಲೂ ಹೊಂದಿಕೊಂಡಿವೆ. ಕಲಿಯುವವರು ಮೊದಲು ಎಡವುವುದು ಇಲ್ಲಿಯೇ. ಹೊಂದಿಕೆಯೆಂದರೆ ಪ್ರಾಸವಲ್ಲ. ‘ಮಾತರಂ ಪೂಜನೀಯಾಂ’ ಎಂಬಲ್ಲಿ ನಮಗೂ ಪ್ರಾಸ ಕಾಣುವುದಿಲ್ಲ, ಹೊಂದಿಕೆಗೆ ಕೊರತೆಯೂ ಇಲ್ಲ.

ಈಗ ವಿಭಕ್ತಿಗಳು. ಲ್ಯಾಟಿನ್ನಿನಲ್ಲಿ ನಮ್ಮ ತೃತೀಯೆಯೂ ಸಪ್ತಮಿಯೂ ಹೆಚ್ಚುಕಡಿಮೆ ಪಂಚಮಿಯ ಮನೆಗೇ ಬಂದು ಸೇರಿಕೊಂಡಿವೆ. ಹೀಗಾಗಿ ಕಲಿಯಬೇಕಾದ ರೂಪಗಳು ನಮ್ಮಷ್ಟಿಲ್ಲ. ಸ್ತ್ರೀಲಿಂಗ ಏಕವಚನದಲ್ಲಿ ಪ್ರಥಮೆಗೆ ದೇಲೆಂದ, ದ್ವಿತೀಯೆಗೆ ದೇಲೆಂದಮ್, ಷಷ್ಠಿಗೂ ಚತುರ್ಥಿಗೂ ಒಂದೇ ರೂಪ ದೇಲೆಂದಯ್, ಪಂಚಮಿಗೆ ದೀರ್ಘವಾಗಿ ದೇಲೆಂದಾ. ಬಹುವಚನದಲ್ಲಿ ಕ್ರಮವಾಗಿ ದೇಲೆಂದಯ್, ದೇಲೆಂದಾಸ್, ಷಷ್ಠಿ ದೇಲೆಂದಾರುಮ್, ಚತುರ್ಥಿ ಪಂಚಮಿಗಳೆರಡಕ್ಕೂ ದೇಲೆಂದೀಸ್. ಪುಲ್ಲಿಂಗ ದೇಲೆಂದುಸ್, ದೇಲೆಂದುಮ್, ದೇಲೆಂದೀ, ದೇಲೆಂದೋ ಎಂದು ನಡೆಯುತ್ತದೆ. ನಪುಂಸಕಕ್ಕೆ ಬಂದರೆ ಸಂಸ್ಕೃತ ಓದಿದವರಿಗೆ ಹಳೆಯ ಗೆಳೆಯ ಸಿಕ್ಕಂತಾಗುತ್ತದೆ. ‘ಫಲಮ್’ ಎಂಬುದು ಪ್ರಥಮೆಗೂ ದ್ವಿತೀಯೆಗೂ ಹೇಗೆ ಒಂದೇ ರೂಪವೋ, ದೇಲೆಂದುಮ್ ಎಂಬುದೂ ಹಾಗೆಯೇ ಎರಡಕ್ಕೂ ಒಂದೇ. ಬಹುವಚನದಲ್ಲಿ ಎರಡಕ್ಕೂ ದೇಲೆಂದ.

ಇಲ್ಲೊಂದು ತೊಡಕು ಹುಟ್ಟಿತು. ಸ್ತ್ರೀಲಿಂಗ ಏಕವಚನವೂ ‘ದೇಲೆಂದ’, ನಪುಂಸಕ ಬಹುವಚನವೂ ‘ದೇಲೆಂದ’. ಇವೆರಡನ್ನು ಬೇರೆ ಮಾಡಿ ತಿಳಿಯಬೇಕಾದರೆ ಜೊತೆಯ ನಾಮಪದವನ್ನೇ ನೋಡಬೇಕು. ಕಾರ್ಥೇಜ್ ಇದ್ದರೆ ಅವಳು ಒಬ್ಬಳು. ‘ಅಗೆಂದ’ದಲ್ಲಿ ನಾಮಪದವೇ ಇಲ್ಲ, ಮಾಡತಕ್ಕವು ಹಲವು ಎಂದು ತಿಳಿಯಬೇಕು. ಇಂಗ್ಲಿಷಿನವರು ಇದನ್ನು ಮರೆತು ಅಜೆಂಡಾವನ್ನು ಏಕವಚನವಾಗಿ ಬಳಸಿದರು, ನಾವು ಅವರಿಂದ ಏಕವಚನವಾಗಿಯೇ ಪಡೆದೆವು. ಅದನ್ನು ತಪ್ಪೆಂದು ಹಟ ಹಿಡಿಯುವವನು ಸಭೆಯಲ್ಲಿ ಒಂಟಿಯಾಗುತ್ತಾನೆ. ಮೂರನೆಯ ಅಕಾರವೊಂದು ಉಂಟು. 1622ರಲ್ಲಿ ಹದಿನೈದನೆಯ ಗ್ರೆಗರಿ ಪೋಪರು ಕ್ರೈಸ್ತಮತ ಪ್ರಸಾರಕ್ಕಾಗಿ ಒಂದು ಮಂಡಲಿಯನ್ನು ಸ್ಥಾಪಿಸಿದರು. ಅದರ ಲ್ಯಾಟಿನ್ ಹೆಸರಿನಲ್ಲಿ ‘ದೇ ಪ್ರೋಪಾಗಂದಾ ಫಿದೇ’ ಎಂಬ ಪದಗಳಿದ್ದುವು. ‘ಮತವನ್ನು ಹರಡುವುದರ ಬಗ್ಗೆ’ ಎಂದು ಅರ್ಥ. ‘ಪ್ರೊಪಗಾಂಡಾ’ ಎಂಬ ಮಾತು ಅಲ್ಲಿಂದ ಹೊರಟದ್ದು. ಅದರ ಕೊನೆಯ ಆಕಾರ ಪಂಚಮಿಯದು, ದೀರ್ಘ. ರೋಮನ್ ಲಿಪಿಯಲ್ಲಿ ಅಚ್ಚಾದ ಸಾಧಾರಣ ಪುಸ್ತಕದಲ್ಲಿ ಈ ಮೂರು ಪದಗಳ ಕೊನೆಯೂ ಒಂದೇ ಅಕ್ಷರ. ನಮ್ಮ ಲಿಪಿಯಲ್ಲಿ ಬರೆದರೆ ಹ್ರಸ್ವ ದೀರ್ಘ ತಾನಾಗಿಯೇ ಕಣ್ಣಿಗೆ ಬೀಳುತ್ತದೆ: ದೇಲೆಂದ, ಅಗೆಂದ, ಪ್ರೋಪಾಗಂದಾ. ಲ್ಯಾಟಿನ್ ಪಾಠಪುಸ್ತಕವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದರೆ ನಮ್ಮ ಹುಡುಗರಿಗೆ ಅರ್ಧ ತೊಂದರೆ ತಪ್ಪೀತು ಎಂದು ನನಗೆ ಆಗಾಗ ತೋರುತ್ತದೆ.

ಈ ಪ್ರೊಪಗಾಂಡಾದಿಂದ ಇನ್ನೊಂದು ಸಂಗತಿ ತಿಳಿಯುತ್ತದೆ. ಅಲ್ಲಿ ‘ಹರಡಲೇಬೇಕು’ ಎಂಬ ಒತ್ತಾಯದ ಅರ್ಥ ಹೆಚ್ಚುಕಡಿಮೆ ಕರಗಿಹೋಗಿ ‘ಹರಡುವುದು’ ಎಂಬಷ್ಟೇ ಉಳಿದಿದೆ. ಷಷ್ಠಿಯಲ್ಲಿ ಹೇಳಿದರೂ ಹಾಗೆಯೇ. ‘ಕರ್ಥಾಗಿನಿಸ್ ದೇಲೆಂದಯ್’ ಆಸೆ ಎಂದರೆ ಕಾರ್ಥೇಜನ್ನು ಅಳಿಸುವ ಆಸೆ, ಅಷ್ಟೇ. ಒತ್ತಾಯ ಪೂರ್ಣವಾಗಿ ಮೊಳಗುವುದು ಪ್ರಥಮಾ ವಿಭಕ್ತಿಯಲ್ಲಿ ‘ಎಸ್ತ್’ ಜೊತೆಗೆ ನಿಂತಾಗ. ‘ನನ್ನ ಅಭಿಪ್ರಾಯ’ ಎಂಬಂಥ ಕ್ರಿಯಾಪದದ ಕೆಳಗೆ ಬಂದಾಗ ಮಾತ್ರ ಪಟ್ಟಣವೂ ಕೃದಂತವೂ ಒಟ್ಟಿಗೆ ದ್ವಿತೀಯೆಗೆ ಇಳಿಯುತ್ತವೆ, ಒತ್ತಾಯವೂ ಉಳಿಯುತ್ತದೆ: ಕರ್ಥಾಗಿನೆಮ್, ದೇಲೆಂದಮ್. ಸಂಸ್ಕೃತದಲ್ಲಿ ‘ನಗರೀಂ ನಾಶನೀಯಾಂ ಮನ್ಯೇ’ ಎಂದು ಹೇಳಿದಂತೆ. ಪ್ಲೂಟಾರ್ಕ್ ಬರೆದದ್ದು ಗ್ರೀಕಿನಲ್ಲಿ. ಕೇಟೋವಿನ ಮಾತನ್ನು ವರದಿ ಮಾಡುವ ಪ್ಲಿನಿ ಮೊದಲಾದ ಲ್ಯಾಟಿನ್ ಗ್ರಂಥಕಾರರಲ್ಲಿ ಸಿಗುವುದು ‘ದೇಲೆಂದಮ್’ ಎಂಬ ಈ ದ್ವಿತೀಯಾ ರೂಪವೇ. ಮೂರು ಪದದ ಗಟ್ಟಿ ಘೋಷಣೆಯ ರೂಪ ಆಮೇಲಿನವರು ತಿದ್ದಿ ತೀಡಿ ಇಟ್ಟುಕೊಂಡದ್ದು.

ಅರ್ಥದ ವಿಷಯದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೊಂದು. ಈ ಕೃದಂತಕ್ಕೆ ಎರಡು ಮುಖಗಳಿವೆ. ‘ಅಮಂದ’ ಎಂದರೆ ಪ್ರೀತಿಸತಕ್ಕವಳು. ಅಮಾಂಡಾ ಎಂಬ ಹೆಣ್ಣುಮಕ್ಕಳ ಹೆಸರು ಅದೇ. ಇಲ್ಲಿ ‘ಪ್ರೀತಿಗೆ ಯೋಗ್ಯಳು’ ಎಂದು ಅರ್ಥವೇ ಹೊರತು, ಎಲ್ಲರೂ ಕಡ್ಡಾಯವಾಗಿ ಪ್ರೀತಿಸಲೇಬೇಕು ಎಂದು ಆಜ್ಞೆಯಲ್ಲ. ‘ಅಗೆಂದ’ದಲ್ಲಿ ಆಜ್ಞೆಯ ಕಡೆಗೆ ತೂಕ. ಯೋಗ್ಯತೆ ಒಂದು, ಕಡ್ಡಾಯ ಒಂದು. ಕನ್ನಡದ ‘ತಕ್ಕ’ ಎಂಬ ಅಚ್ಚಗನ್ನಡ ಮಾತಿನಲ್ಲೂ ಇದೇ ಎರಡು ಮುಖಗಳಿರುವುದು ಸೋಜಿಗ. ‘ನೋಡತಕ್ಕ ಊರು’ ಎಂದರೆ ನೋಡಲು ಯೋಗ್ಯವಾದ ಊರು, ನೋಡದಿದ್ದರೆ ದಂಡವಿಲ್ಲ. ‘ಅರ್ಜಿಯನ್ನು ತಿಂಗಳೊಳಗೆ ಸಲ್ಲಿಸತಕ್ಕದ್ದು’ ಎಂದರೆ ಸಲ್ಲಿಸದವನಿಗೆ ಬಾಗಿಲು ಮುಚ್ಚಿತು. ಮೊದಲನೆಯದರಲ್ಲಿ ಒಬ್ಬನ ಅಭಿಪ್ರಾಯ, ಎರಡನೆಯದರಲ್ಲಿ ಕಾನೂನು. ನಡುವೆ ಇರುವ ಗೋಡೆ ತೆಳುವಾದದ್ದು. ‘ಅದು ಅಳಿಯಲು ಯೋಗ್ಯವಾದ ಪಟ್ಟಣ’ ಎಂದು ಒಬ್ಬ ಮುದುಕ ಹೇಳುತ್ತಾನೆ. ದಿನವೂ ಹೇಳುತ್ತಾನೆ. ಹೇಳಿ ಹೇಳಿ ಒಂದು ದಿನ ಅದು ‘ಅಳಿಸಲೇಬೇಕಾದ ಪಟ್ಟಣ’ ಆಗಿರುತ್ತದೆ. ಪದದ ಒಂದಕ್ಷರವೂ ಬದಲಾಗಿರುವುದಿಲ್ಲ.

ಎರಡನೆಯದಾಗಿ ಕರ್ತೃವಿನ ಪ್ರಶ್ನೆ. ಲ್ಯಾಟಿನ್ನಿಗೆ ಕರ್ತೃವನ್ನು ಹೇಳಲು ಬಾರದೆಂದಲ್ಲ. ಈ ಕೃದಂತದೊಡನೆ ಕರ್ತೃವನ್ನು ಚತುರ್ಥಿಯಲ್ಲಿ ಇಡುತ್ತಾರೆ: ‘ನೋಬೀಸ್’, ನಮಗೆ. ಕನ್ನಡಿಗನಿಗೆ ಇದು ಸ್ವಂತ ಮನೆಯ ಮಾತಿನಂತೆ ಕೇಳಿಸುತ್ತದೆ. ‘ನಮಗೆ ಮಾಡಬೇಕಾದ ಕೆಲಸ ಇದೆ’ ಎಂದು ನಾವೂ ಚತುರ್ಥಿಯನ್ನೇ ಹಿಡಿಯುತ್ತೇವೆ. ಸಂಸ್ಕೃತ ತೃತೀಯೆಯನ್ನು ಹಿಡಿಯುತ್ತದೆ, ‘ಮಯಾ ಕರ್ತವ್ಯಮ್’. ಷಷ್ಠಿಯೂ ಆಗಬಹುದೆಂದು ಪಾಣಿನಿ ಒಪ್ಪುತ್ತಾನೆ. ದಾರಿ ಮೂರೂ ತೆರೆದಿವೆ, ಆದರೆ ಬಿಡುವುದಕ್ಕೂ ಅನುಮತಿ ಇದೆ. ಮೂರನೆಯ ವರ್ಷ ನಮ್ಮ ಪಂಡಿತರು ಮೋರಿಯ ನಿರ್ಣಯಕ್ಕೆ ತಿದ್ದುಪಡಿ ತಂದು ಇಬ್ಬರ ಹೆಸರನ್ನು ತೃತೀಯೆಯಲ್ಲಿ ಸೇರಿಸಿದರು, ಒಂದು ತಮ್ಮದೇ. ದೀಪಾವಳಿಯೊಳಗೆ ಗಾರೆಯವನು ಬಂದ. ಕೇಟೋ ಹೇಳಿದ ಮಾತೆಂದು ನಮಗೆ ಉಳಿದುಬಂದಿರುವ ರೂಪಗಳಲ್ಲಿ ‘ನೋಬೀಸ್’ ಇಲ್ಲ. ಯಾರು ಅಳಿಸಬೇಕು, ಯಾರ ಮಗನ ಕೈಯಿಂದ, ಯಾರ ಮಕ್ಕಳನ್ನು ಎಂಬುದು ಯಾವುದೂ ಇಲ್ಲ. ಪಟ್ಟಣ ಇದೆ, ಅದಕ್ಕೊಂದು ಗುಣವಾಚಕ ಅಂಟಿಕೊಂಡಿದೆ, ‘ಎತ್ತರವಾದ’, ‘ಬೆಳ್ಳಗಿನ’ ಎಂಬಂತೆ ‘ಅಳಿಸತಕ್ಕ’.

ಸಭೆಯಲ್ಲಿ ಎದುರಾಡಿದವರು ಇರಲಿಲ್ಲವೆಂದಲ್ಲ. ಸಿಪಿಯೋ ನಾಸಿಕಾ ಎಂಬವನು ತನ್ನ ಭಾಷಣಗಳ ಕೊನೆಯಲ್ಲಿ ಕಾರ್ಥೇಜ್ ಇರಲಿ ಎಂದು ಸೇರಿಸುತ್ತಿದ್ದನಂತೆ. ಎದುರಿಗೊಬ್ಬ ವೈರಿ ಇಲ್ಲದಿದ್ದರೆ ರೋಮನರು ಸಡಿಲವಾಗುತ್ತಾರೆ ಎಂಬುದು ಅವನ ವಾದ. ಗೆದ್ದದ್ದು ಕೇಟೋವಿನ ಮಾತು. ಪಕ್ಕದ ನುಮಿಡಿಯದ ದೊರೆ ನೆಲ ಕಬಳಿಸುತ್ತ ಬಂದಾಗ ಕಾರ್ಥೇಜಿನವರು ಅಪ್ಪಣೆ ಇಲ್ಲದೆ ಆಯುಧ ಹಿಡಿದರು. ಅದೇ ನೆಪವಾಯಿತು. ಕ್ರಿ.ಪೂ. 149ರಲ್ಲಿ ರೋಮಿನ ಸೈನ್ಯ ಬಂದಿಳಿಯಿತು. ಮೊದಲು ದೊಡ್ಡ ಮನೆತನಗಳ 300 ಮಕ್ಕಳನ್ನು ಒತ್ತೆ ಕೇಳಿದರು, ಕೊಟ್ಟರು. ಆಯುಧಗಳನ್ನೆಲ್ಲ ಕೇಳಿದರು, ಗಾಡಿಗಳಲ್ಲಿ ತುಂಬಿ ತಂದು ಒಪ್ಪಿಸಿದರು. ಆಮೇಲೆ, ಪಟ್ಟಣವನ್ನು ಬಿಟ್ಟು ಕಡಲಿಂದ ಹತ್ತು ಮೈಲಿ ಒಳಗೆ ಹೋಗಿ ನೆಲೆಸಿರಿ, ಈ ಪಟ್ಟಣವನ್ನು ನಾವು ಕೆಡವುತ್ತೇವೆ ಎಂದರು. ಕಡಲನ್ನೇ ನಂಬಿ ಬದುಕಿದ ಜನ. ಬಾಗಿಲು ಹಾಕಿಕೊಂಡು, ಹಗಲು ರಾತ್ರಿ ಹೊಸ ಆಯುಧ ಮಾಡಿದರು. ಕಲ್ಲೆಸೆಯುವ ಯಂತ್ರಗಳ ಹುರಿಗೆ ಹೆಂಗಸರು ತಮ್ಮ ತಲೆಗೂದಲನ್ನು ಕತ್ತರಿಸಿ ಕೊಟ್ಟರೆಂದು ಅಪ್ಪಿಯನ್ ಎಂಬ ಇತಿಹಾಸಕಾರ ಬರೆದಿದ್ದಾನೆ. ಮೂರು ವರ್ಷ ಕಾದಿದರು.

ಕೇಟೋ ಆ ಮೊದಲ ವರ್ಷದಲ್ಲೇ ತೀರಿಕೊಂಡ. ಅವನ ಕೃದಂತ ಭೂತ ಕೃದಂತವಾದದ್ದನ್ನು, ‘ದೇಲೆಂದ’ ಹೋಗಿ ‘ದೇಲೇತ’ ಆದದ್ದನ್ನು ಅವನು ನೋಡಲಿಲ್ಲ. ಕ್ರಿ.ಪೂ. 146ರಲ್ಲಿ ಸಿಪಿಯೋ ಎಮಿಲಿಯಾನಸ್ ಎಂಬ ದಳಪತಿ ಪಟ್ಟಣದ ಒಳಗೆ ನುಗ್ಗಿದ. ಆರು ದಿನ ಬೀದಿ ಬೀದಿಯಲ್ಲಿ, ಮನೆ ಮನೆಯಲ್ಲಿ ಕಾದಾಟ. ಕೋಟೆಯಿಂದ ಜೀವಸಹಿತ ಹೊರಬಂದವರು 50,000 ಮಂದಿ ಎಂದು ಅಪ್ಪಿಯನ್ನನ ಲೆಕ್ಕ. ಅವರನ್ನು ಗುಲಾಮರನ್ನಾಗಿ ಮಾರಿದರು. ನೆಲಕ್ಕೆ ಉಪ್ಪು ಬಿತ್ತಿದರು ಎಂಬ ಪ್ರಸಿದ್ಧ ಮಾತು ಪ್ರಾಚೀನರ ಬರಹಗಳಲ್ಲಿ ಇಲ್ಲ, ಬಹಳ ಆಮೇಲೆ ಹುಟ್ಟಿಕೊಂಡದ್ದು. ಉಪ್ಪಿನ ಅಗತ್ಯವೇನೂ ಇರಲಿಲ್ಲ. ಉರಿಯುವ ಪಟ್ಟಣವನ್ನು ನೋಡುತ್ತ ಸಿಪಿಯೋ ಕಣ್ಣೀರು ಹಾಕಿದ, ತನ್ನ ರೋಮಿಗೂ ಇದೇ ಗತಿ ಬಂದೀತೆಂದು ಪಕ್ಕದಲ್ಲಿದ್ದ ಪೊಲಿಬಿಯಸ್‌ಗೆ ಹೇಳಿದ ಎಂದು ಪರಂಪರೆ. ‘ಅಳಿಸತಕ್ಕ’ ಎಂಬ ಗುಣವಾಚಕ ಯಾವ ನಾಮಪದದ ಪಕ್ಕದಲ್ಲಿಯೂ ಕುಳಿತೀತು ಎಂಬುದು ದಳಪತಿಗೆ ಹೊಳೆದಿರಬೇಕು.

ಅದೇ ಜಾಗದಲ್ಲಿ ರೋಮನರೇ ಆಮೇಲೆ ಹೊಸ ಪಟ್ಟಣ ಕಟ್ಟಿಸಿದರು. ಜೂಲಿಯಸ್ ಸೀಸರ್ ಯೋಚಿಸಿದ್ದು, ಆಗಸ್ಟಸ್ ನಡೆಸಿದ್ದು. ಅದು ಬೆಳೆದು ಆಫ್ರಿಕದ ದೊಡ್ಡ ನಗರಗಳಲ್ಲಿ ಒಂದಾಯಿತು. ಇಂದು ಕಾರ್ಥೇಜ್ ಟ್ಯುನಿಸ್ ನಗರಕ್ಕೆ ಹೊಂದಿಕೊಂಡ ಒಂದು ಊರು. ಹಳೆಯ ಬಂದರಿನ ಗುರುತು ಈಗಲೂ ನೀರಿನಲ್ಲಿ ಕಾಣುತ್ತದೆ. 1985ರ ಫೆಬ್ರವರಿಯಲ್ಲಿ ರೋಮಿನ ಮೇಯರ್ ಅಲ್ಲಿಗೆ ಹೋಗಿ, ಕಾರ್ಥೇಜಿನ ಮೇಯರ್ ಜೊತೆಗೆ ಕುಳಿತು, ಎರಡು ಪಟ್ಟಣಗಳ ನಡುವಿನ ಯುದ್ಧ ಮುಗಿಯಿತು ಎಂಬ ಶಾಂತಿಪತ್ರಕ್ಕೆ ಸಾಂಕೇತಿಕವಾಗಿ ರುಜು ಮಾಡಿದರು. ಕೇಟೋ ತೀರಿಕೊಂಡು ಆಗ 2,100 ವರ್ಷಗಳ ಮೇಲಾಗಿತ್ತು. ಆ ಕಾಗದಕ್ಕೆ ಕರ್ತೃಗಳು ಇಬ್ಬರು, ಇಬ್ಬರ ಹೆಸರೂ ಅದರಲ್ಲಿತ್ತು.